ಮನಿಲಾದ ಮಾತಾಡುವ ಬೋರ್ಡುಗಳು



ಸಂಘದ ಹುಟ್ಟುಹಬ್ಬದಂದು ಗಂಭೀರ ಭಾಷಣ ಮಾಡಬಲ್ಲವರು ಈ ಸಭೆಯಲ್ಲಿ ಬಹಳ ಮಂದಿ ಇದ್ದಾರೆ. ಮನಿಲಾದಲ್ಲಿ ಕೆಲವು ವರ್ಷ ಸಂಸಾರ ಹೂಡಿದ್ದ ನಮ್ಮ ಪಾಲಿಗೆ ಬಂದದ್ದು ಅಲ್ಲಿನ ಬೋರ್ಡುಗಳ ವಿಷಯ. ಊಟಕ್ಕೆ ಮುಂಚೆ ಹತ್ತೇ ನಿಮಿಷ ಎಂದು ಕಾರ್ಯದರ್ಶಿಗಳು ಎಚ್ಚರಿಸಿದ್ದಾರೆ.

ಫಿಲಿಪೀನ್ಸಿನ ಬೋರ್ಡುಗಳನ್ನು ಓದಬೇಕಾದರೆ ಮೊದಲು ಜೀಪ್ನಿ ಹತ್ತಬೇಕು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಸೇನೆ ಬಿಟ್ಟುಹೋದ ಜೀಪುಗಳನ್ನು ಉದ್ದ ಮಾಡಿ, ಎದುರುಬದುರು ಬೆಂಚು ಹಾಕಿ, ಬಣ್ಣ ಬಳಿದು ಮಾಡಿಕೊಂಡ ವಾಹನ ಅದು. ಸಾಮಾನ್ಯವಾಗಿ ಕಂಡಕ್ಟರ್ ಇರುವುದಿಲ್ಲ. ಹಿಂದೆ ಕೂತವರು "ಬಾಯದ್ ಪೊ" ಎಂದು ಕಾಸು ಚಾಚಿದರೆ ಅದು ಕೈಯಿಂದ ಕೈಗೆ ದಾಟಿ ಚಾಲಕನಿಗೆ ಮುಟ್ಟುತ್ತದೆ. ಚಿಲ್ಲರೆ ಅದೇ ದಾರಿಯಲ್ಲಿ ವಾಪಸು ಬರುತ್ತದೆ. ಕಣ್ಣು ರಸ್ತೆಯ ಮೇಲೆ, ಕೈ ಗೇರಿನ ಮೇಲೆ ಇಟ್ಟವನು ಯಾರು ಕೊಟ್ಟರು, ಯಾರು ಬಿಟ್ಟರು ಎಂದು ಲೆಕ್ಕ ಇಡುವುದು ಹೇಗೆ? ಕಾಸು ಕೊಡದೆ ಜಾರಿಕೊಳ್ಳುವುದಕ್ಕೆ ಅಲ್ಲಿ "ಒನ್ ಟೂ ತ್ರೀ" ಎಂದೇ ಹೆಸರು. ಅಂಥವರಿಗಾಗಿ ಒಂದು ಹಲಗೆ: "ಗಾಡ್ ನೋಸ್ ಹೂಡಾಸ್ ನಾಟ್ ಪೇ." ಹೂಡಾಸ್ ಎಂದರೆ ಮೂವತ್ತು ಬೆಳ್ಳಿ ನಾಣ್ಯಕ್ಕೆ ಏಸುವನ್ನು ಮಾರಿದ ಜೂಡಾಸ್. ಜೋರಾಗಿ ಓದಿದರೆ "ಹೂ ಡಸ್ ನಾಟ್ ಪೇ". ಸ್ಪೇನಿನವರು ತಂದ ಮತ, ಅಮೆರಿಕದವರು ಕಲಿಸಿದ ಇಂಗ್ಲಿಷು, ಸ್ಥಳೀಯ ಉಚ್ಚಾರ, ಮೂರೂ ಕೂಡಿ ಕಂಡಕ್ಟರನ ಕೆಲಸ ಮಾಡುತ್ತವೆ!

ಇನ್ನೊಂದು ಹಲಗೆ, "ಬಾರ್ಯ ಲಾಂಗ್ ಪೊ ಸ ಉಮಾಗ". ಬೆಳಗಿನ ಹೊತ್ತು ಚಿಲ್ಲರೆಯನ್ನೇ ಕೊಡಿ ಎಂದರ್ಥ. ಆ "ಪೊ" ಇದೆಯಲ್ಲ, ಅದು ನಮ್ಮ "ರೀ" ಇದ್ದಂತೆ. ಇಳಿಯುವವರು "ಪಾರ" ಎಂದು ಕೂಗಬೇಕು. ಹಾಗೆನ್ನದವರಿಗೂ ಬುದ್ಧಿಮಾತುಂಟು: ಶ್ ಶ್ ಎನ್ನುವುದು ನಾಯಿಗೆ, ತಟ್ಟುವುದು ಬಾಗಿಲಿಗೆ, "ಪಾರ" ಎಂದರೆ ನಿಲ್ಲಿಸುತ್ತೇವೆ.

ಹೊರಗಿನಿಂದ ಬಂದವರು ಅಲ್ಲಿನ ಬೋರ್ಡುಗಳ ಇಂಗ್ಲಿಷು ನೋಡಿ ನಗುವುದುಂಟು. ತಗಾಲೋಗಿನಲ್ಲಿ ಮೂಲತಃ ಫಕಾರವಿಲ್ಲ. ಹಾಗಾಗಿ ಪಕಾರ ಫಕಾರಗಳು ಅದಲುಬದಲಾಗುತ್ತವೆ. ಆಫೀಸನ್ನು "ಆಪೀಸು" ಮಾಡಿದ ಸೀಮೆಯಿಂದ ಹೋದ ನಮಗೆ ಆ ನಗುವಿನಲ್ಲಿ ಸೇರುವ ಹಕ್ಕಿರಲಿಲ್ಲ. ಅಲ್ಲದೆ ಎಷ್ಟೋ ಬೋರ್ಡುಗಳು ತಪ್ಪಿನಿಂದ ತಮಾಷೆಯಾದವಲ್ಲ, ಬೇಕೆಂದೇ ಮಾಡಿದವು. "ಕುಕ್ಕಿಂಗ್ ನಂಗ್ ಇನ ಮೊ" ಎಂಬ ಹೆಸರಿನ ಊಟದಂಗಡಿಯನ್ನೇ ನೋಡಿ. ನಿಮ್ಮ ತಾಯಿಯ ಅಡುಗೆ ಎಂದರ್ಥ. ಬೇಗ ಹೇಳಿದರೆ ಮಾತ್ರ ಅದು ಒಂದು ಬೈಗುಳದ ಮೈಗೆ ತಾಗುತ್ತದೆ. ಮಹಿಳೆಯರು, ಮಕ್ಕಳು ಇರುವ ಸಭೆಯಲ್ಲಿ ಅದನ್ನು ಅನುವಾದಿಸುವಂತಿಲ್ಲ.

ಇನ್ನು ಗೋಡೆಗಳು. "ಬಾವಲ್ ಉಮೀಹಿ ದೀತೊ", ಇಲ್ಲಿ ಮೂತ್ರ ಮಾಡಬಾರದು. ನಮ್ಮೂರಿನಲ್ಲಿ ಇದಕ್ಕೆ ದೇವರ ಚಿತ್ರದ ಟೈಲು ಅಂಟಿಸುತ್ತೇವೆ. ಅಲ್ಲಿ "ನಾಯಿಗಳಿಗೆ ಮಾತ್ರ ಅಪ್ಪಣೆ" ಎಂದು ಕೆಳಗೆ ಸೇರಿಸುವವರುಂಟು. 2002ರಿಂದ 2009ರವರೆಗೆ ಮಹಾನಗರ ಪ್ರಾಧಿಕಾರದ ಅಧ್ಯಕ್ಷರಾಗಿದ್ದ ಬಯಾನಿ ಫೆರ್ನಾಂಡೋ ಬರೀ ಬೋರ್ಡು ನೆಚ್ಚಿಕೊಳ್ಳದೆ ರಸ್ತೆ ಬದಿಯಲ್ಲಿ ಗಂಡಸರಿಗಾಗಿ ಗುಲಾಬಿ ಬಣ್ಣದ ಮೂತ್ರಿಗಳನ್ನೇ ಇಡಿಸಿದರು. ಹೆದ್ದಾರಿಯ ನಡುವೆ ಕಾಣುವ ಒಂದು ಬೋರ್ಡು ಮಾತ್ರ ನಗಿಸುವುದಿಲ್ಲ: "ದಾಟಬೇಡಿ, ಇಲ್ಲಿ ಈಗಾಗಲೇ ಒಬ್ಬರು ಸತ್ತಿದ್ದಾರೆ." ಅದನ್ನು ಓದಿದ ಮೇಲೂ ದಾಟುವವರನ್ನು ಕಂಡಿದ್ದೇವೆ.

ಬೀದಿಯ ಪುಟ್ಟ ಸಾರಿಸಾರಿ ಅಂಗಡಿಯಲ್ಲಿ ನಮಗೆ ತವರೇ ಸಿಕ್ಕಿತು. ಇವತ್ತು ಸಾಲವಿಲ್ಲ, ನಾಳೆ ಆಗಬಹುದು ಎಂಬ ಚೀಟಿ. "ಇಂದು ನಗದು ನಾಳೆ ಉದ್ರಿ" ಕಡಲು ದಾಟಿ ಯಾವಾಗ ಹೋಯಿತೋ!

2017ರಲ್ಲಿ ಅಲ್ಲಿನ ಸರ್ಕಾರ ಹಳೆಯ ಜೀಪ್ನಿಗಳ ಜಾಗಕ್ಕೆ ಹೊಸ ಗಾಡಿ ತರುವ ಯೋಜನೆ ಆರಂಭಿಸಿತು. ಅವುಗಳ ಬೆಲೆ ತಮ್ಮ ಕೈಗೆ ಎಟುಕದೆಂದು ಚಾಲಕರು ಮುಷ್ಕರ ಹೂಡಿದರು. ಒಂಟಿ ಮಾಲೀಕರು ಸಹಕಾರ ಸಂಘವನ್ನೋ ಕಂಪನಿಯನ್ನೋ ಸೇರಲು ಕೊಟ್ಟಿದ್ದ ಗಡುವು 2024ರ ಏಪ್ರಿಲ್ 30ಕ್ಕೆ ಮುಗಿಯಿತು. ಹೊಸ ಗಾಡಿಯಲ್ಲಿ ಹೊಗೆ ಕಡಿಮೆ, ಬೆನ್ನು ಬಾಗಿಸಿ ನುಸುಳಬೇಕಾಗಿಲ್ಲ, ಒಳ್ಳೆಯದೇ. ಆದರೆ ಕ್ಯಾಮೆರಾದ ಕೆಳಗೆ ಕೂತು ಯಂತ್ರಕ್ಕೆ ಕಾರ್ಡು ತೋರಿಸುವವನಿಗೆ ಜೂಡಾಸನ ನೆನಪು ಯಾಕೆ ಮಾಡಬೇಕು? ಕೈಯಿಂದ ಹಲಗೆ ಬರೆಯುತ್ತಿದ್ದ ಪೇಂಟರನಿಗೆ ಅಲ್ಲಿ ಕೆಲಸವೇನು?

ಹಳೆಯವು ಇನ್ನೂ ಓಡುತ್ತಿವೆ. ಮನಿಲಾಕ್ಕೆ ಹೋದವರು ಒಮ್ಮೆ ಹತ್ತಿ ನೋಡಿ. ಬೆಳಗಿನ ಹೊತ್ತಾದರೆ ಚಿಲ್ಲರೆ ಇಟ್ಟುಕೊಂಡಿರಿ.