ಮಸ್ಕಿಯ ಬಂಡೆಯೂ ಗಣಕಯಂತ್ರದ ಲೆಕ್ಕವೂ



ಈ ಸೀಮೆಯ ಜನರಿಗೆ ಮಸ್ಕಿಯ ಬಂಡೆಯ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾದುದಿಲ್ಲ. 1915ನೆಯ ಇಸವಿಯಲ್ಲಿ ಬೀಡನ್ ಎಂಬ ಗಣಿ ಇಂಜಿನಿಯರರು ಚಿನ್ನದ ಶೋಧನೆಯಲ್ಲಿದ್ದಾಗ ಅದರ ಮೇಲಿನ ಬ್ರಾಹ್ಮೀ ಅಕ್ಷರಗಳು ಅವರ ಕಣ್ಣಿಗೆ ಬಿದ್ದವು. ಅದುವರೆಗೆ ಧರ್ಮಲಿಪಿಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳಿಂದ ಮಾತ್ರ ಕಾಣಿಸುತ್ತಿದ್ದ ಅರಸನ ‘ಅಶೋಕ’ ಎಂಬ ನಿಜನಾಮವು ಮೊದಲು ದೊರೆತುದು ಅಲ್ಲಿಯೇ. ಎರಡು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಆ ಹೆಸರು ಉಳಿದುದೇಕೆ? ಬಂಡೆಯಲ್ಲಿ ಒಮ್ಮೆ ಕೊರೆದುದನ್ನು ಒರೆಸಿ ಬೇರೊಂದು ಬರೆಯುವದು ಯಾರಿಗೂ ಸುಲಭವಲ್ಲ. ಬರೆಯಿಸಿದ ಅರಸನಿಗೂ ಸುಲಭವಲ್ಲ.

ಆದರೆ ಬಂಡೆಯೂ ಸವೆಯುವದು. ಮಸ್ಕಿಯ ಶಾಸನದಲ್ಲಿ ಕೆಲವು ಅಕ್ಷರಗಳು ನಶಿಸಿವೆ. ಅದೇ ಸಂದೇಶದ ಬೇರೆ ಪ್ರತಿಗಳು ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳಲ್ಲಿಯೂ, ಕೊಪ್ಪಳದ ಗವಿಮಠದ ಬೆಟ್ಟದಲ್ಲಿಯೂ ಇರುವದರಿಂದ ಪಂಡಿತರು ಒಂದರ ಕೊರತೆಯನ್ನು ಇನ್ನೊಂದರಿಂದ ತುಂಬಿಕೊಂಡರು. ವಚನಗಳೂ ಹೀಗೆಯೇ ಉಳಿದವು. ಮಠಮಠಗಳಲ್ಲಿ, ಮನೆಮನೆಗಳಲ್ಲಿ ತಾಡೋಲೆಯ ಪ್ರತಿಗಳಿದ್ದುದರಿಂದಲೇ ಫ. ಗು. ಹಳಕಟ್ಟಿಯವರು ಅವುಗಳನ್ನು ಕೂಡಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಅಚ್ಚು ಹಾಕಿಸಲು ಸಾಧ್ಯವಾಯಿತು. ಬರಹವು ಬದಲಾಗದಂತಿರಬೇಕು; ಒಂದೇ ಸ್ಥಳದಲ್ಲಿರಬಾರದು. ಈ ಎರಡು ಪಾಠಗಳು ಇಂದಿಗೂ ಬೇಕಾಗಿವೆ.

ಈಗ ಬರಹವು ಬಂಡೆಯನ್ನೂ ತಾಡೋಲೆಯನ್ನೂ ಬಿಟ್ಟು ಗಣಕಯಂತ್ರವನ್ನು ಸೇರಿರುವದು. ಸಿಂಧನೂರಿನ ಭತ್ತದ ವ್ಯಾಪಾರಿಯ ಖಾತೆ, ಲಿಂಗಸುಗೂರಿನ ಶಾಲೆಯ ಅಂಕಪಟ್ಟಿ, ಮಸ್ಕಿಯ ರೈತನ ಸಹಕಾರಿ ಸಾಲದ ಲೆಕ್ಕ, ಹೊಲದ ಪಹಣಿ, ಮಠದ ದಾಸೋಹದ ಕಾಣಿಕೆಯ ಪಟ್ಟಿ, ಇವೆಲ್ಲವೂ ಅದರೊಳಗೆ ಬರುತ್ತಿರುವವು. ಅಲ್ಲಿಗೆ ಹೊಸ ತರದ ಕಳ್ಳನೂ ಬಂದಿರುವನು. ರ್‍ಯಾನ್ಸಮ್‌ವೇರ್ ಎಂಬ ದುಷ್ಟ ತಂತ್ರಾಂಶವು ಲೆಕ್ಕವನ್ನು ಇದ್ದಲ್ಲಿಯೇ ಗೂಢಲಿಪಿಗೆ ತಿರುಗಿಸಿ, ಅದನ್ನು ಬಿಡಿಸುವ ಕೀಲಿಗಾಗಿ ಹಣ ಕೇಳುವದು. ಹಣ ತೆತ್ತರೂ ಕೀಲಿ ಸಿಕ್ಕೀತೆಂಬ ಭರವಸೆಯಿಲ್ಲ.

2022ನೆಯ ನವೆಂಬರ್ 23ರಂದು ದಿಲ್ಲಿಯ ಏಮ್ಸ್ ಆಸ್ಪತ್ರೆಗೆ ಈ ಪೆಟ್ಟು ಬಿದ್ದಿತು. ಐದು ಸರ್ವರುಗಳಲ್ಲಿಯ ಸುಮಾರು 1.3 ಟೆರಾಬೈಟ್ ಮಾಹಿತಿಯು ಗೂಢಲಿಪಿಯಾಯಿತು. ರೋಗಿಗಳ ನೋಂದಣಿ ಮೊದಲಾದ ಕೆಲಸಗಳನ್ನು ಸುಮಾರು ಎರಡು ವಾರ ಕಾಗದದ ಮೇಲೆ ನಡೆಯಿಸಬೇಕಾಯಿತು. ಕೊನೆಗೆ ಕಾಪಾಡಿದುದು ಪೆಟ್ಟು ತಗಲದೆ ಉಳಿದ ಒಂದು ಬ್ಯಾಕಪ್ ಸರ್ವರು. ಅದರಿಂದಲೇ ಆಸ್ಪತ್ರೆಯ ಮಾಹಿತಿಯನ್ನು ಮರಳಿ ಪಡೆಯಲಾಯಿತೆಂದು ಸರಕಾರವು ಸಂಸತ್ತಿಗೆ ತಿಳಿಸಿತು. 2024ನೆಯ ಜುಲೈ ತಿಂಗಳ ಕೊನೆಯಲ್ಲಿ ಸಹಕಾರಿ ಹಾಗೂ ಗ್ರಾಮೀಣ ಬ್ಯಾಂಕುಗಳಿಗೆ ತಾಂತ್ರಿಕ ಸೇವೆ ಒದಗಿಸುವ ಒಂದು ಸಂಸ್ಥೆಗೆ ಇದೇ ಪೆಟ್ಟು ಬೀಳಲು, ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಪಾವತಿ ವ್ಯವಹಾರವು ತಾತ್ಕಾಲಿಕವಾಗಿ ನಿಂತಿತು.

ಪ್ರತಿಯ ಬಲವನ್ನು ಕಳ್ಳನೂ ಬಲ್ಲನು. ಆದುದರಿಂದ ಅವನು ಒಳಹೊಕ್ಕ ಕೂಡಲೇ ಪೆಟ್ಟು ಹಾಕುವದಿಲ್ಲ. ಕೆಲವು ದಿನ, ಒಮ್ಮೊಮ್ಮೆ ಕೆಲವು ವಾರ ಅಡಗಿದ್ದು, ಮೇಲ್ವಿಚಾರಕನ ಗುಪ್ತಪದವನ್ನು ಸಂಪಾದಿಸಿ, ಮೊದಲು ಬ್ಯಾಕಪ್ ಪ್ರತಿಗಳನ್ನು ಹುಡುಕಿ ಅಳಿಸುವನು. ಯಂತ್ರಕ್ಕೆ ಸದಾ ಜೋಡಿಸಿಟ್ಟ ಡಿಸ್ಕು ಯಂತ್ರದೊಡನೆಯೇ ಹಾಳಾಗುವದು. ಅಂಗಡಿಗೂ ಉಗ್ರಾಣಕ್ಕೂ ಒಂದೇ ಕೀಲಿಯಾದರೆ ಉಗ್ರಾಣವಿದ್ದೇನು ಫಲ?

ಇದಕ್ಕೆ ಕಂಡುಕೊಂಡ ಉಪಾಯವೇ ಇಮ್ಯುಟಬಲ್ ಸ್ಟೋರೇಜ್, ಅಂದರೆ ಮಾರ್ಪಡದ ಸಂಗ್ರಹ. ಪ್ರತಿಯನ್ನು ಬರೆಯುವಾಗಲೇ ಇಂತಿಷ್ಟು ದಿನವೆಂದು ಅವಧಿಯನ್ನು ಗೊತ್ತುಪಡಿಸುವರು. ಅದು ಮುಗಿಯುವವರೆಗೆ ಪ್ರತಿಯನ್ನು ಓದಬಹುದು, ತಿದ್ದಲಾಗದು, ಅಳಿಸಲಾಗದು. ಬಿಗಿಯಾದ ಕ್ರಮದಲ್ಲಿ ಮೇಲ್ವಿಚಾರಕನಿಗೂ ಆ ಅಧಿಕಾರವಿಲ್ಲ. ಸಡಿಲಾದ ಕ್ರಮವೊಂದುಂಟು; ಅದರಲ್ಲಿ ವಿಶೇಷಾಧಿಕಾರವುಳ್ಳವನು ಬೀಗ ತೆಗೆಯಬಲ್ಲನು. ಆ ಅಧಿಕಾರವು ಕಳ್ಳನ ಕೈಸೇರಿದರೆ ರಕ್ಷಣೆಯೂ ಹೋಯಿತು. ಶರಣರಿಗೆ ಈ ತತ್ತ್ವವು ಹೊಸದಲ್ಲ. ನೇಮವೆಂದರೆ ತನ್ನ ಕೈಯನ್ನು ತಾನೇ ಕಟ್ಟಿಕೊಳ್ಳುವದು. ಮನಸ್ಸು ಚಂಚಲವಾದ ದಿನ ಕಾಪಾಡಲೆಂದೇ ಅದನ್ನು ಮನಸ್ಸು ದೃಢವಾದ ದಿನ ಕೈಕೊಳ್ಳುವರು.

ಇಷ್ಟರಿಂದಲೇ ಎಲ್ಲವೂ ಆಯಿತೆಂದು ತಿಳಿಯಲಾಗದು. ಕೆಟ್ಟ ಲೆಕ್ಕವನ್ನು ಬರೆದಿಟ್ಟರೆ ಕೆಟ್ಟ ಲೆಕ್ಕವೇ ಭದ್ರವಾಗಿರುವದು. ಆದುದರಿಂದ ಪ್ರತಿದಿನ ಹೊಸ ಪ್ರತಿ ಬೇಕು, ಹಳೆಯ ಪ್ರತಿಗಳ ಅವಧಿಯು ಕಳ್ಳನು ಅಡಗಿರಬಹುದಾದ ಕಾಲಕ್ಕಿಂತ ಹೆಚ್ಚಿರಬೇಕು. ಗುಟ್ಟನ್ನು ಕದ್ದು ಬಯಲು ಮಾಡುವವನನ್ನು ಈ ಸಂಗ್ರಹವು ತಡೆಯದು. ಅದಕ್ಕೆ ಬೇರೆ ಎಚ್ಚರ ಬೇಕು. ಮುಖ್ಯವಾಗಿ, ಪ್ರತಿಯಿಂದ ಲೆಕ್ಕವನ್ನು ಮರಳಿ ತೆಗೆದು ಆಗಾಗ ಪರೀಕ್ಷಿಸಬೇಕು. ಬಿತ್ತಿ ನೋಡದ ಬೀಜವನ್ನು ನಂಬಿ ಯಾವ ಒಕ್ಕಲಿಗನು ಹೊಲವನ್ನೆಲ್ಲ ಬಿತ್ತಿಯಾನು?

ಬಲ್ಲವರ ಸೂತ್ರವು ಚಿಕ್ಕದು: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಪರಸ್ಥಳದಲ್ಲಿ. ಅವುಗಳಲ್ಲಿ ಒಂದಾದರೂ ಮಾರ್ಪಡದಂತಿರಲಿ. ಅದರ ವೆಚ್ಚವನ್ನು ಹೊರಲಾರದ ಸಣ್ಣ ಸಂಘಗಳು ಎರಡು ಡಿಸ್ಕುಗಳನ್ನು ಸರದಿಯಂತೆ ಬಳಸಿ, ಬರೆದ ಕೂಡಲೇ ಯಂತ್ರದಿಂದ ಕಳಚಿ, ಒಂದನ್ನು ಬೇರೆ ಊರಿನಲ್ಲಿ ಬೀಗದೊಳಗೆ ಇಡಬಹುದು. ಇದು ಬಂಡೆಯಲ್ಲ, ಆದರೂ ದೂರದ ಕಳ್ಳನ ಕೈಗೆ ಎಟುಕದು. ಸಿಂಧನೂರಿನ ಪ್ರತಿ ಲಿಂಗಸುಗೂರಿನಲ್ಲಿ, ಲಿಂಗಸುಗೂರಿನದು ಮಸ್ಕಿಯಲ್ಲಿ, ಮಸ್ಕಿಯದು ಸಿಂಧನೂರಿನಲ್ಲಿ ಇದ್ದರೆ ಮೂರೂ ಊರುಗಳು ಪರಸ್ಪರ ಕಾವಲಾಗುವವು.

ಸಾಲ ತೀರಿಸಿದ ಬಡ ರೈತನಿಗೆ ಸಂಘದ ಆ ಒಂದು ಲೆಕ್ಕದ ಹೊರತು ಬೇರೆ ಸಾಕ್ಷಿ ಇಲ್ಲದಿರಬಹುದು. ಅದು ಅಳಿದರೆ ಅವನ ಕಾಯಕದ ಫಲವೇ ಅಳಿಯುವದು. ಅವನು ನಂಬಿ ಒಪ್ಪಿಸಿದ ಅಕ್ಷರವನ್ನು ಕಾಯುವದು ಸಂಸ್ಥೆಯನ್ನು ನಡೆಯಿಸುವವರ ಕಾಯಕ. ಈ ಮಹೋತ್ಸವದ ವರ್ಷದಲ್ಲಿ ಪ್ರತಿಯೊಂದು ಸಂಘ, ಶಾಲೆ, ಮಠಗಳು ಒಂದು ದಿನವನ್ನು ಗೊತ್ತುಪಡಿಸಿ, ತಮ್ಮ ಪ್ರತಿಯನ್ನು ತೆರೆದು ಓದಿ ನೋಡಲಿ.