ಓದಿಗೂ ಮುಯ್ಯಾಳು ಬೇಕು

(ಯಲಹಂಕ ಹೋಬಳಿಯ ರೈತರ ಸಭೆಯಲ್ಲಿ ಗ್ರಾಮಮಟ್ಟದ ಕಾರ್ಯಕರ್ತರು ಮಾಡಿದ ಭಾಷಣ)



ಬಿತ್ತನೆ ಬೀಜ, ಗೊಬ್ಬರ, ಹನಿ ನೀರಾವರಿ ಇವುಗಳ ವಿಷಯವಾಗಿ ನಾನು ನಿಮ್ಮೊಡನೆ ಮಾತನಾಡುವುದು ವಾಡಿಕೆ. ನಾನು ಓದಿರುವುದು ಕೃಷಿ ಡಿಪ್ಲೊಮಾ, ಕಾನೂನಲ್ಲ. ಆದರೂ ಈ ದಿನ ಕಾನೂನು ಶಾಲೆಯ ಪ್ರವೇಶ ಪರೀಕ್ಷೆಯ ವಿಷಯವನ್ನು ಎತ್ತಿಕೊಂಡಿದ್ದೇನೆ. ಪಿ.ಯು.ಸಿ. ಓದುತ್ತಿರುವ ನಿಮ್ಮ ಮಕ್ಕಳು ನಾಲ್ಕೈದು ಮಂದಿ ಒಟ್ಟುಗೂಡಿ ಈ ಪರೀಕ್ಷೆಗೆ ಸಿದ್ಧರಾಗುವುದು ಹೇಗೆ, ಅದಕ್ಕೆ ಹಿರಿಯರಾದ ನೀವು ಮಾಡಬೇಕಾದುದೇನು, ಇಷ್ಟೇ ನನ್ನ ಮಾತು.

“ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ” ಎಂಬ ಗಾದೆ ನಮ್ಮಲ್ಲಿದೆ. ಇದನ್ನು ಕೇಳಿ ಬೆಳೆದವರು ಮಕ್ಕಳನ್ನು ಕಾನೂನಿನ ಕಡೆಗೆ ಕಳಿಸಲು ಹಿಂಜರಿಯುವುದು ಸಹಜ. ಆದರೆ ನಾವು ಕೋರ್ಟಿನ ಬಳಿ ಹೋಗದಿದ್ದರೂ ಕಾನೂನು ನಮ್ಮ ಹೊಲದ ಬದುವಿಗೇ ಬರುತ್ತದೆ. ಅರ್ಕಾವತಿ ಬಡಾವಣೆಗೆಂದು 2003ರಲ್ಲಿ ಜಕ್ಕೂರು, ರಾಚೇನಹಳ್ಳಿ, ಥಣಿಸಂದ್ರ, ಸಂಪಿಗೇಹಳ್ಳಿ ಮುಂತಾದ 16 ಹಳ್ಳಿಗಳ ಜಮೀನಿಗೆ ಅಧಿಸೂಚನೆ ಹೊರಟಿತು. ಆ ವ್ಯಾಜ್ಯ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಗುವ ಹೊತ್ತಿಗೆ 2010 ಆಗಿತ್ತು. ಪಕ್ಕದ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ 13 ಹಳ್ಳಿಗಳ 1,777 ಎಕರೆಗಾಗಿ ರೈತರು 2022ರಿಂದ ಧರಣಿ ಕುಳಿತರು. ಆ ಸ್ವಾಧೀನವನ್ನು ಕೈಬಿಡುವುದಾಗಿ ಸರ್ಕಾರ 2025ರ ಜುಲೈನಲ್ಲಿ ಪ್ರಕಟಿಸಿತು. ಒಂದು ಕಡೆ ಕೋರ್ಟು, ಇನ್ನೊಂದು ಕಡೆ ಹೋರಾಟ. ಎರಡು ಕಡೆಯೂ ಮನೆಬಾಗಿಲಿಗೆ ಮೊದಲು ಬಂದದ್ದು ಒಂದು ಕಾಗದ.

ಆ ಕಾಗದವನ್ನು ಓದುವವರು ಯಾರು? ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯಿದೆಯ ಪ್ರಕಾರ ಜಮೀನಿನ ಒಡೆಯನಿಗೆ ನೋಟೀಸು ತಲುಪಿದ ಮೇಲೆ ತಕರಾರು ಹೇಳಿಕೊಳ್ಳಲು ಇರುವ ಕಾಲ 30 ದಿನ. ನೋಟೀಸನ್ನು ಮಡಚಿ ದೇವರ ಪಟದ ಹಿಂದೆ ಇಟ್ಟರೆ ಆ 30 ದಿನ ಕಳೆದೇ ಹೋಗುತ್ತದೆ. ಊರಿನಲ್ಲಿ ಕಾನೂನು ಬಲ್ಲ ಒಬ್ಬ ಮಗನೋ ಮಗಳೋ ಇದ್ದರೆ, “ಅಪ್ಪಾ, ಇದಕ್ಕೆ ಇಂಥ ದಿನದೊಳಗೆ ಉತ್ತರ ಕೊಡಬೇಕು” ಎಂದು ಹೇಳುತ್ತಾರೆ. ಪಹಣಿ, ಪೋಡಿ, ಖಾತೆ, ವಿಭಾಗ ಪತ್ರ ಎಲ್ಲಕ್ಕೂ ಈ ಮಾತು ಸಲ್ಲುತ್ತದೆ. ಇದು ವ್ಯಾಜ್ಯ ಹೂಡುವ ವಿದ್ಯೆ ಮಾತ್ರವಲ್ಲ. ಎಷ್ಟೋ ವೇಳೆ ವ್ಯಾಜ್ಯ ಬಾರದಂತೆ ತಡೆಯುವ ವಿದ್ಯೆಯೂ ಹೌದು.

ಪರೀಕ್ಷೆ ಎಂದರೇನು?

ಯಶವಂತಪುರ ದಾಟಿ ಮುಂದೆ ಹೋದರೆ ಜ್ಞಾನಭಾರತಿಯ ಪಕ್ಕದ ನಾಗರಭಾವಿಯಲ್ಲಿ ರಾಷ್ಟ್ರೀಯ ಕಾನೂನು ಶಾಲೆ ಇದೆ. ಎನ್.ಆರ್. ಮಾಧವ ಮೆನನ್ ಅವರು ಅದರ ಮೊದಲ ನಿರ್ದೇಶಕರು. 1988ರಲ್ಲಿ ಮೊದಲ ತಂಡದ ಪಾಠ ಶುರುವಾಯಿತು. ಪದವಿ ಮುಗಿಸಿ ಮೂರು ವರ್ಷ ಕಾನೂನು ಓದುವ ಹಳೆಯ ದಾರಿಯ ಜೊತೆಗೆ, ಪಿ.ಯು.ಸಿ. ಆದ ಕೂಡಲೇ ಐದು ವರ್ಷ ಓದುವ ದಾರಿಯನ್ನು ಬಲಪಡಿಸಿದ್ದು ಈ ಶಾಲೆ. ಇದರ ಮಾದರಿಯಲ್ಲಿ ದೇಶದ ಬೇರೆ ಬೇರೆ ರಾಜ್ಯಗಳಲ್ಲಿ ಇಂಥ ವಿಶ್ವವಿದ್ಯಾಲಯಗಳಾದವು. ಮೊದಲು ಒಂದೊಂದು ಶಾಲೆಗೆ ಒಂದೊಂದು ಪರೀಕ್ಷೆ ಇತ್ತು. 2008ರಲ್ಲಿ ಏಳು ಶಾಲೆಗಳು ಸೇರಿ ಒಂದೇ ಪರೀಕ್ಷೆ ನಡೆಸಿದವು. ಅದಕ್ಕೆ ‘ಕ್ಲ್ಯಾಟ್’ ಎಂದು ಹೆಸರು. ಈಗ ಇಪ್ಪತ್ತಕ್ಕೂ ಹೆಚ್ಚು ಶಾಲೆಗಳು ಇದರ ಮೂಲಕ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುತ್ತವೆ.

ಎರಡು ಗಂಟೆ ಕಾಲ, 120 ಪ್ರಶ್ನೆ, ಒಂದಕ್ಕೆ ಒಂದು ಅಂಕ. ಅಂದರೆ ಒಂದು ಪ್ರಶ್ನೆಗೆ ಒಂದೇ ನಿಮಿಷ. ಉತ್ತರ ತಪ್ಪಾದರೆ ಕಾಲು ಅಂಕ ಕಳೆಯುತ್ತಾರೆ. ನಾಲ್ಕು ತಪ್ಪು ಸೇರಿ ಒಂದು ಸರಿಯುತ್ತರವನ್ನು ತಿಂದುಹಾಕುತ್ತವೆ. ಇಂಗ್ಲಿಷ್, ಪ್ರಚಲಿತ ವಿದ್ಯಮಾನ, ಕಾನೂನಿನ ತರ್ಕ, ಸಾಮಾನ್ಯ ತರ್ಕ, ಲೆಕ್ಕ, ಹೀಗೆ ಐದು ಭಾಗ. ಕಾನೂನಿನ ಪುಸ್ತಕವನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಒಂದು ಲೇಖನದ ಭಾಗ ಕೊಡುತ್ತಾರೆ. ಅದನ್ನು ಓದಿ, ಅರ್ಥ ಮಾಡಿಕೊಂಡು ಉತ್ತರ ಆರಿಸಬೇಕು. ಪಿ.ಯು.ಸಿ.ಯಲ್ಲಿ ಶೇಕಡ 45 ಅಂಕ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇಕಡ 40 ಇದ್ದರೆ ಸಾಕು. ಎರಡನೆಯ ಪಿ.ಯು.ಸಿ.ಯಲ್ಲಿ ಓದುತ್ತಿರುವವರೂ ಕೂಡಬಹುದು. ವಿಜ್ಞಾನ, ವಾಣಿಜ್ಯ, ಕಲೆ ಯಾವುದಾದರೂ ಆದೀತು. ವಯಸ್ಸಿನ ಮೇಲ್ಮಿತಿ ಇಲ್ಲ.

ಕಷ್ಟ ಇರುವುದು ಇಲ್ಲಿ: ಪರೀಕ್ಷೆ ಇಂಗ್ಲಿಷಿನಲ್ಲಿ ಮಾತ್ರ ನಡೆಯುತ್ತದೆ. ಕನ್ನಡ ಶಾಲೆಯಲ್ಲಿ ಓದಿದ ಹುಡುಗಿ ನಿಮಿಷಕ್ಕೊಂದು ಪ್ರಶ್ನೆ ಮುಗಿಸಬೇಕು. ಪೇಟೆಯ ಮಕ್ಕಳು ದುಡ್ಡು ತೆತ್ತು ತರಬೇತಿಗೆ ಹೋಗುತ್ತಾರೆ. ನಮ್ಮ ಮಗು ಒಂಟಿಯಾಗಿ ಪುಸ್ತಕ ಹಿಡಿದು, ಮೊದಲ ಪುಟದಲ್ಲೇ ಇಪ್ಪತ್ತು ಹೊಸ ಪದ ಕಂಡು, “ಇದು ನಮ್ಮಂಥವರಿಗಲ್ಲ” ಎಂದು ಮುಚ್ಚಿಡುತ್ತದೆ. ಬುದ್ಧಿ ಸಾಲದೆ ಬಿಟ್ಟವರಿಗಿಂತ ಜೊತೆಯಿಲ್ಲದೆ ಬಿಟ್ಟವರೇ ಹೆಚ್ಚು ಎಂಬುದು ನನ್ನ ಎಣಿಕೆ.

ಮುಯ್ಯಾಳಿನ ಪದ್ಧತಿ

ಇದಕ್ಕೆ ಮದ್ದು ನಮ್ಮಲ್ಲೇ ಇದೆ. ಕೂಲಿಯಾಳು ಸಿಗದಾಗ ನಾವು ಏನು ಮಾಡುತ್ತೇವೆ? ಇವತ್ತು ನಿಮ್ಮ ಹೊಲ, ನಾಳೆ ನಮ್ಮ ಹೊಲ ಎಂದು ಮುಯ್ಯಾಳು ಕೂಡಿಕೊಳ್ಳುತ್ತೇವೆ. ಓದಿನಲ್ಲಿಯೂ ಹಾಗೆಯೇ ಮಾಡಬೇಕು. ನಾಲ್ಕರಿಂದ ಆರು ಮಕ್ಕಳ ಗುಂಪು ಸಾಕು. ಹೆಚ್ಚಾದರೆ ಅದು ಹರಟೆಯ ಕಟ್ಟೆಯಾಗುತ್ತದೆ. ರಾಗಿ ಹೊಲದಲ್ಲಿ ಅವರೆ, ತೊಗರಿ, ಹುಚ್ಚೆಳ್ಳಿನ ಅಕ್ಕಡಿ ಸಾಲು ಹಾಕುವಂತೆ ಗುಂಪಿನಲ್ಲಿಯೂ ಬಗೆಬಗೆಯವರು ಇರಲಿ. ಒಬ್ಬನಿಗೆ ಲೆಕ್ಕ ಚೆನ್ನ, ಒಬ್ಬಳಿಗೆ ಇಂಗ್ಲಿಷ್ ಚೆನ್ನ, ಇನ್ನೊಬ್ಬ ದಿನಾ ಪತ್ರಿಕೆ ಓದುವವನು. ತನಗೆ ಬರುವುದನ್ನು ಪ್ರತಿಯೊಬ್ಬರೂ ಉಳಿದವರಿಗೆ ಹೇಳಿಕೊಡಬೇಕು.

ಕೆಲಸವನ್ನು ಹೀಗೆ ಹಂಚಿಕೊಳ್ಳಲಿ:

1. ದಿನಾಲೂ ಪ್ರತಿಯೊಬ್ಬರೂ ಇಂಗ್ಲಿಷ್ ಪತ್ರಿಕೆಯ ಒಂದು ಲೇಖನವನ್ನು ತಾವೇ ಓದಬೇಕು. ಹೊಸ ಪದಗಳಲ್ಲಿ ಹತ್ತನ್ನು ಬರೆದುಕೊಳ್ಳಬೇಕು.

2. ಭಾನುವಾರ ಮೂರು ಗಂಟೆ ಒಟ್ಟಿಗೆ ಕೂಡಬೇಕು. ಮೊದಲ ಗಂಟೆಯಲ್ಲಿ ಒಬ್ಬೊಬ್ಬರೂ ತಾವು ಓದಿದ ಒಂದು ಲೇಖನದ ಸಾರವನ್ನು ಕನ್ನಡದಲ್ಲಿ ಹೇಳಬೇಕು. ಆಮೇಲೆ ಎಲ್ಲರೂ ಅದನ್ನೇ ಇಂಗ್ಲಿಷಿನಲ್ಲಿ ಓದಬೇಕು. ಕನ್ನಡದಲ್ಲಿ ತಿಳಿದ ವಿಷಯ ಇಂಗ್ಲಿಷಿನಲ್ಲಿ ಬೇಗ ಕೈಗೆ ಹತ್ತುತ್ತದೆ.

3. ಎರಡನೆಯ ಗಂಟೆಯಲ್ಲಿ ಗಡಿಯಾರ ಇಟ್ಟುಕೊಂಡು ಹಳೆಯ ಪ್ರಶ್ನೆಪತ್ರಿಕೆಯ ಅರ್ಧ ಭಾಗ, ಅಂದರೆ 60 ಪ್ರಶ್ನೆಗಳನ್ನು ಬಿಡಿಸಬೇಕು. ಹಳೆಯ ಪತ್ರಿಕೆಗಳು ಪರೀಕ್ಷೆ ನಡೆಸುವ ಒಕ್ಕೂಟದ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ.

4. ಮೂರನೆಯ ಗಂಟೆ ತಪ್ಪುಗಳಿಗೆ ಮೀಸಲು. ಯಾರಿಗೆ ಎಷ್ಟು ಅಂಕ ಬಂತು ಎಂದು ಕೇಳಬಾರದು. ಯಾವ ಪ್ರಶ್ನೆ ಏಕೆ ತಪ್ಪಿತು ಎಂದು ಕೇಳಬೇಕು. ಪದ ತಿಳಿಯದೆ ತಪ್ಪಿತೆ, ಅವಸರದಿಂದಲೆ, ಊಹೆಯಿಂದಲೆ? ಇದಕ್ಕೊಂದು ಪುಸ್ತಕ ಇಡಬೇಕು.

ಕೂಡಿ ಓದುವುದರ ಗುಣ ತಿಳಿಯಲು ಒಂದು ಉದಾಹರಣೆ ಕೊಡುತ್ತೇನೆ. ನಿಯಮ ಹೀಗಿದೆ ಎಂದುಕೊಳ್ಳಿ: “ಅನುಮತಿ ಇಲ್ಲದೆ ಇನ್ನೊಬ್ಬರ ಜಮೀನಿಗೆ ಕಾಲಿಟ್ಟರೆ ಅದು ಅತಿಕ್ರಮ, ನಷ್ಟವಾಗಿರಬೇಕೆಂಬ ನಿಯಮವಿಲ್ಲ.” ಸಂಗತಿ ಹೀಗಿದೆ: ರೈತನೊಬ್ಬ ಹತ್ತಿರದ ದಾರಿಯೆಂದು ಪಕ್ಕದವರ ಬೀಳು ಹೊಲವನ್ನು ಕೇಳದೆ ದಾಟಿದ, ಪೈರೂ ಇಲ್ಲ, ನಷ್ಟವೂ ಇಲ್ಲ. ಇದು ಅತಿಕ್ರಮವೆ? ಒಬ್ಬನೇ ಕುಳಿತ ಹುಡುಗ, “ಬೀಳು ಹೊಲ ದಾಟಿದರೆ ಏನು ಮಹಾ!” ಎಂದು ಊರ ನ್ಯಾಯದಂತೆ “ಅಲ್ಲ” ಎಂದು ಗುರುತು ಹಾಕುತ್ತಾನೆ. ಗುಂಪಿನಲ್ಲಾದರೆ ಒಬ್ಬಳು ತಡೆಯುತ್ತಾಳೆ: “ನಷ್ಟ ಬೇಕಾಗಿಲ್ಲ ಅಂತ ನಿಯಮದಲ್ಲೇ ಬರೆದಿದೆಯಲ್ಲೋ!” ನಮ್ಮ ಮನಸ್ಸಿಗೆ ತೋಚಿದ ನ್ಯಾಯ ಬೇರೆ, ಕೊಟ್ಟ ನಿಯಮವನ್ನು ಕೊಟ್ಟ ಸಂಗತಿಗೆ ಹೊಂದಿಸುವುದು ಬೇರೆ ಎಂಬ ಪಾಠ ಆ ಒಂದು ಜಗಳದಲ್ಲಿ ಕಲಿತಾಯಿತು. ಹೀಗೆ ವಾದಿಸಿ ಕಲಿತದ್ದು ಮರೆಯುವುದಿಲ್ಲ.

“ಒಂದೇ ಸೀಟಿಗೆ ಪೈಪೋಟಿ ನಡೆಸುವವರು ಒಬ್ಬರಿಗೊಬ್ಬರು ಏಕೆ ಹೇಳಿಕೊಟ್ಟಾರು?” ಎಂದು ನೀವು ಕೇಳಬಹುದು. ದೇಶದಲ್ಲಿ ಹತ್ತಾರು ಸಾವಿರ ಮಂದಿ ಈ ಪರೀಕ್ಷೆಗೆ ಕೂಡುತ್ತಾರೆ. ಇರುವ ಸೀಟುಗಳು ಕೆಲವೇ ಸಾವಿರ. ಅಷ್ಟು ಜನರ ನಡುವೆ ಪಕ್ಕದ ಮನೆಯ ಹುಡುಗಿ ಒಬ್ಬಳನ್ನು ಹಿಂದೆ ಹಾಕಿ ಸಿಗುವ ಲಾಭ ಏನೂ ಇಲ್ಲ. ಅವಳಿಗೆ ಹೇಳಿಕೊಡುವಾಗ ತನಗೇ ವಿಷಯ ಗಟ್ಟಿಯಾಗುವುದು ದೊಡ್ಡ ಲಾಭ. ಆದರೆ ಒಂದು ಮಾತು: ಮುಯ್ಯಾಳು ಎಷ್ಟು ಬಂದರೂ ಹೊಲದ ಹೊಣೆ ಒಡೆಯನದೇ. ದಿನದ ಓದನ್ನು ಮಗುವೇ ಓದಬೇಕು. ಗುಂಪು ಅದನ್ನು ತಿದ್ದುವುದಕ್ಕೆ, ಹುರಿದುಂಬಿಸುವುದಕ್ಕೆ.

ಇದು ಬರಿಯ ಆಸೆಯ ಮಾತಲ್ಲ. ನಾಗರಭಾವಿಯ ಶಾಲೆಯಲ್ಲೇ ಓದಿ ಮುಂದೆ ಕೋಲ್ಕತ್ತದ ಕಾನೂನು ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಶಮ್ನಾದ್ ಬಷೀರ್ ಅವರು 2010ರಲ್ಲಿ ‘ಐಡಿಯಾ’ ಎಂಬ ಸಂಸ್ಥೆಯನ್ನು ಕಟ್ಟಿದರು. ಬಡ ಮನೆಗಳ, ದೂರದ ಊರುಗಳ, ಅಂಗವಿಕಲರಾದ ಮಕ್ಕಳನ್ನು ಹುಡುಕಿ ಈ ಪರೀಕ್ಷೆಗೆ ಸಿದ್ಧಗೊಳಿಸುವುದು ಅದರ ಕೆಲಸ. ಅಲ್ಲಿ ಹೇಳಿಕೊಡುವವರಲ್ಲಿ ಬಹುಮಂದಿ ಸ್ವತಃ ಕಾನೂನು ವಿದ್ಯಾರ್ಥಿಗಳು. ಅಂದರೆ ನಿನ್ನೆ ಪರೀಕ್ಷೆ ಬರೆದವರು ಇಂದು ಬರೆಯುವವರ ಕೈ ಹಿಡಿಯುತ್ತಾರೆ. ಬಷೀರ್ ಅವರು 2019ರಲ್ಲಿ ತೀರಿಕೊಂಡರು. ಅವರು ಕಟ್ಟಿದ ಸಂಸ್ಥೆ ಉಳಿದಿದೆ, ಅದರ ಶಾಖೆ ಕರ್ನಾಟಕದಲ್ಲಿಯೂ ಇದೆ. ನಮ್ಮ ಮಕ್ಕಳ ಗುಂಪು ಅವರಿಗೆ ಒಂದು ಕಾಗದ ಬರೆಯಲಿ.

ಖರ್ಚು ಮತ್ತು ಬೇರೆ ದಾರಿ

ಖರ್ಚಿನ ವಿಷಯ ಮರೆಮಾಚುವುದಿಲ್ಲ. ಇತ್ತೀಚಿನ ವರ್ಷಗಳಲ್ಲಿ ಅರ್ಜಿಯ ಶುಲ್ಕವೇ 4,000 ರೂಪಾಯಿ. ಪರಿಶಿಷ್ಟರಿಗೆ ಮತ್ತು ಬಡತನ ರೇಖೆಯ ಕೆಳಗಿನವರಿಗೆ 3,500. ಸೀಟು ಸಿಕ್ಕ ಮೇಲೆ ವರ್ಷಕ್ಕೆ ಲಕ್ಷಗಟ್ಟಲೆ ಶುಲ್ಕವಿದೆ. ವಿದ್ಯಾರ್ಥಿವೇತನ, ಬ್ಯಾಂಕಿನ ಸಾಲ ಇವನ್ನು ಮೊದಲೇ ವಿಚಾರಿಸಿ. ಹೊಲ ಮಾರಿ ಓದಿಸಲು ಹೊರಡಬೇಡಿ. ನಾಗರಭಾವಿಯ ಶಾಲೆಯಲ್ಲಿ 2021ರಿಂದ ಕರ್ನಾಟಕದ ವಿದ್ಯಾರ್ಥಿಗಳಿಗೆ ಶೇಕಡ 25 ಮೀಸಲಾತಿ ಬಂದಿದೆ. ರಾಜ್ಯದಲ್ಲಿ ಹತ್ತು ವರ್ಷವಾದರೂ ಓದಿರಬೇಕೆಂಬುದು ಅದರ ನಿಯಮ. ಆದ್ದರಿಂದ ಒಂದನೆಯ ತರಗತಿಯಿಂದ ಓದಿದ ಶಾಲೆಗಳ ದಾಖಲೆಗಳನ್ನು ಜೋಪಾನ ಮಾಡಿ.

ಪರೀಕ್ಷೆಯಲ್ಲಿ ಸೀಟು ಸಿಗದಿದ್ದರೆ ಓದು ಮುಗಿಯಿತು ಎಂದಲ್ಲ. ಮರುವರ್ಷ ಮತ್ತೆ ಬರೆಯಬಹುದು. ಹುಬ್ಬಳ್ಳಿಯ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳಲ್ಲಿ ಪಿ.ಯು.ಸಿ. ಅಂಕದ ಆಧಾರದ ಮೇಲೆಯೇ ಐದು ವರ್ಷದ ಕಾನೂನು ಓದಿಗೆ ಸೇರಬಹುದು. ಅಲ್ಲಿ ಓದಿ ಒಳ್ಳೆಯ ವಕೀಲರಾದವರು, ನ್ಯಾಯಾಧೀಶರಾದವರು ಇದ್ದಾರೆ. ಗುಂಪಿನಲ್ಲಿ ಕಲಿತ ಇಂಗ್ಲಿಷ್, ಪತ್ರಿಕೆ ಓದುವ ರೂಢಿ, ತರ್ಕ ಯಾವ ದಾರಿ ಹಿಡಿದರೂ ಕೈಬಿಡವು.

ಹಿರಿಯರು ಮಾಡಬೇಕಾದುದು

ಈಗ ನಿಮ್ಮ ಪಾಲಿನ ಕೆಲಸ ಕೇಳಿ. ಈ ಪರೀಕ್ಷೆ ಕೆಲವು ವರ್ಷಗಳಿಂದ ಡಿಸೆಂಬರಿನಲ್ಲಿ ನಡೆಯುತ್ತಿದೆ. 2023, 2024, 2025ರಲ್ಲಿ ಅದು ಡಿಸೆಂಬರ್ ಮೊದಲ ವಾರಕ್ಕೇ ಬಿತ್ತು. ನಮ್ಮ ಸೀಮೆಯಲ್ಲಿ ಜುಲೈನಲ್ಲಿ ಬಿತ್ತಿದ ಮಳೆಯಾಶ್ರಿತ ರಾಗಿ ಕೊಯ್ಲಿಗೆ ಬರುವುದೂ ನವೆಂಬರ್, ಡಿಸೆಂಬರಿನಲ್ಲೇ! ಮಗು ಕೊನೆಯ ಸುತ್ತಿನ ಓದಿಗೆ ಕೂಡಬೇಕಾದ ಹೊತ್ತಿನಲ್ಲೇ ನಾವು, “ಕುಡುಗೋಲು ಹಿಡಿ ಬಾ” ಎಂದು ಕರೆಯುತ್ತೇವೆ. ಮಕ್ಕಳು ಓದಿಗೆ ಮುಯ್ಯಾಳು ಕೂಡಿಕೊಂಡರೆ, ಆ ಎರಡು ಮೂರು ವಾರ ಅವರ ಬದಲಿಗೆ ನೀವು ಹೊಲಕ್ಕೆ ಮುಯ್ಯಾಳು ಕೂಡಿಕೊಳ್ಳಿ. ಪರೀಕ್ಷೆ ಬರೆಯುವ ಮಕ್ಕಳ ಮನೆಗಳ ಕೊಯ್ಲನ್ನು ಊರವರು ಸೇರಿ ಮುಗಿಸಿಕೊಡಿ. ಹೀಗೆ ಮಾಡಿದರೆ ಯಾವ ತರಬೇತಿ ಶಾಲೆಯೂ ಮಾರಲಾರದ ಸಹಾಯವನ್ನು ನೀವು ಮಾಡಿದಂತಾಗುತ್ತದೆ.

ಕೂಡುವುದಕ್ಕೆ ಜಾಗ ಬೇಕು. ಗ್ರಾಮ ಪಂಚಾಯಿತಿಯ ಗ್ರಂಥಾಲಯ, ಅಂದರೆ ಅರಿವು ಕೇಂದ್ರದಲ್ಲಿ ಒಂದು ಮೇಜು ಕೇಳಿ. ಒಂದು ಇಂಗ್ಲಿಷ್ ಪತ್ರಿಕೆ ತರಿಸಲು ಪಂಚಾಯಿತಿ ಸದಸ್ಯರಿಗೆ ಹೇಳಿ. ಗುಂಪಿನಲ್ಲಿ ಹೆಣ್ಣುಮಕ್ಕಳೂ ಇರಲಿ. ಕತ್ತಲಾಗುವ ಮುಂಚೆ ಓದು ಮುಗಿಯುವಂತೆ ವೇಳೆ ಇಟ್ಟುಕೊಳ್ಳಿ. ಸರದಿಯ ಮೇಲೆ ಒಬ್ಬ ತಾಯಿಯೋ ಅಜ್ಜಿಯೋ ಅಲ್ಲಿ ಕುಳಿತಿರಲಿ. ಪರೀಕ್ಷೆಯ ವರ್ಷ ಮದುವೆಯ ಮಾತು ತೆಗೆಯಬೇಡಿ. “ಅವನಿಗೆ ಬಂತು, ನಿನಗೇಕೆ ಬರಲಿಲ್ಲ?” ಎಂದು ಹೋಲಿಸಬೇಡಿ, ಆ ಒಂದು ಮಾತಿನಿಂದ ಗೆಳೆತನವೂ ಕೆಡುತ್ತದೆ, ಗುಂಪೂ ಒಡೆಯುತ್ತದೆ. ಒಮ್ಮೆ ಎಲ್ಲ ಮಕ್ಕಳನ್ನೂ ಬಸ್ಸಿನಲ್ಲಿ ನಾಗರಭಾವಿಗೆ ಕರೆದುಕೊಂಡು ಹೋಗಿ ಆ ಶಾಲೆಯನ್ನು ಹೊರಗಿನಿಂದಲಾದರೂ ತೋರಿಸಿ. ಕಣ್ಣಿಂದ ಕಂಡದ್ದು ದೂರವೆನಿಸುವುದಿಲ್ಲ.

ಹೊಸ ತಳಿಯ ಬೀಜ ಬಂದಾಗ ನಾವು ಊರೆಲ್ಲ ಬಿತ್ತುವುದಿಲ್ಲ. ಮೊದಲು ಒಂದು ಮಡಿಯಲ್ಲಿ ಪ್ರಾತ್ಯಕ್ಷಿಕೆ ಮಾಡಿ ನೋಡುತ್ತೇವೆ. ಇದನ್ನೂ ಹಾಗೆಯೇ ನೋಡೋಣ. ಈ ವರ್ಷ ಊರಿಗೊಂದು ಗುಂಪು, ಐದೇ ಮಕ್ಕಳು ಸಾಕು. ಹೆಸರು ಕೊಡುವವರು ಪಂಚಾಯಿತಿ ಕಚೇರಿಯಲ್ಲಿ ಬರೆಸಿ. ಮುಂದಿನ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಅರಿವು ಕೇಂದ್ರದಲ್ಲಿ ಮೊದಲ ಕೂಟ. ಮಕ್ಕಳು ಒಂದು ಪುಸ್ತಕ, ಒಂದು ಪೆನ್ನು ತರಲಿ. ಗಡಿಯಾರವನ್ನೂ ಹಳೆಯ ಪ್ರಶ್ನೆಪತ್ರಿಕೆಯನ್ನೂ ನಾನು ತರುತ್ತೇನೆ.