ಬೂದಿದಿಬ್ಬ ಹೇಳುವ ಕಥೆ

(ಜಾತ್ರಾ ಮಹೋತ್ಸವದ ಧಾರ್ಮಿಕ ಸಭೆಯಲ್ಲಿ ಮಾಡಿದ ಭಾಷಣ)



ದೇವರ ಸನ್ನಿಧಿಯಲ್ಲಿ ಭಕ್ತರು ಹಣೆಗೆ ಹಚ್ಚಿಕೊಳ್ಳುವುದು ವಿಭೂತಿ. ಆಕಳ ಸಗಣಿ ಸುಟ್ಟ ಬೂದಿಯೇ ಅದರ ಮೂಲ. ಸಗಣಿಯ ಬೂದಿಯಿಂದಲೇ ಈ ಸೀಮೆಯ ಅತಿ ಪುರಾತನ ಚರಿತ್ರೆಯೂ ಬೆಳಕಿಗೆ ಬಂದಿದೆ ಎಂಬ ಸಂಗತಿಯನ್ನು ಈ ಶುಭ ಸಂದರ್ಭದಲ್ಲಿ ನೆನೆಯುವುದು ಉಚಿತವಾಗಿದೆ.

ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿ ಕುಡತಿನಿಯ ಬಳಿ ದೊಡ್ಡದೊಂದು ಬೂದಿದಿಬ್ಬವಿದೆ. ಅನಂತಪುರ ಜಿಲ್ಲೆಯ ಪಾಲವಾಯಿಯಲ್ಲೂ ಇಂಥದನ್ನು ಅಗೆದು ನೋಡಿದ್ದಾರೆ. ಕರ್ನಾಟಕ, ಆಂಧ್ರ, ತೆಲಂಗಾಣ ಮೂರೂ ಕಡೆ ಸೇರಿ ಇಂಥವು ನೂರಕ್ಕೂ ಹೆಚ್ಚು ಪತ್ತೆಯಾಗಿವೆ. ಹಂಪಿಯ ಹತ್ತಿರ ನಿಂಬಾಪುರದ ದಿಬ್ಬವನ್ನು ವಾಲಿಯ ದಹನವಾದ ಸ್ಥಳವೆಂದು ಜನ ನಂಬಿಕೊಂಡು ಬಂದಿದ್ದಾರೆ.

ಓದಿದವರಲ್ಲೂ ಒಮ್ಮತವಿರಲಿಲ್ಲ. ಕೆಲವರು ಇದನ್ನು ಕಬ್ಬಿಣ ಕರಗಿಸಿದ ಕಿಟ್ಟವೆಂದರು. ಭೂಗರ್ಭ ಇಲಾಖೆಯಲ್ಲಿದ್ದ ರಾಬರ್ಟ್ ಬ್ರೂಸ್ ಫೂಟ್ ಎಂಬವರು ಮಾತ್ರ 19ನೇ ಶತಮಾನದ ಕೊನೆಯ ಭಾಗದಲ್ಲೇ ಇದು ಸಗಣಿಯ ಬೂದಿ, ಕಲ್ಲಿನ ಕೊಡಲಿ ಬಳಸುತ್ತಿದ್ದ ಕಾಲದ ಜನರದು ಎಂದು ಗುರುತಿಸಿದ್ದರು. ಅವರ ಮಾತು ನಿಶ್ಚಯವಾಗಲು ಬಹುಕಾಲ ಹಿಡಿಯಿತು.

1957ರಲ್ಲಿ ಎಫ್.ಆರ್. ಆಲ್ಚಿನ್ ಎಂಬ ವಿದ್ವಾಂಸರು ಹಿಂದಿನ ಮಹಬೂಬ್‌ನಗರ ಜಿಲ್ಲೆಯ ಉಟ್ನೂರಿನಲ್ಲಿ ಒಂದು ದಿಬ್ಬವನ್ನು ಅಗೆಸಿದರು. ಬೂದಿಯ ಕೆಳಗೆ ಸಾಲಾಗಿ ಕಂಬ ನೆಟ್ಟ ಗುಳಿಗಳಿದ್ದವು. ದನಗಳ ಗೊರಸಿನ ಗುರುತುಗಳು ಅಚ್ಚೊತ್ತಿದಂತೆ ಉಳಿದಿದ್ದವು. ಅದು ದನದ ದೊಡ್ಡಿ! ದೊಡ್ಡಿಯಲ್ಲಿ ಸಗಣಿ ಸೇರುತ್ತಿತ್ತು, ಅದಕ್ಕೆ ಬೆಂಕಿ ಬೀಳುತ್ತಿತ್ತು, ಅದೇ ಜಾಗದಲ್ಲಿ ಮತ್ತೆ ದೊಡ್ಡಿ ಏಳುತ್ತಿತ್ತು. ತಲೆಮಾರುಗಟ್ಟಲೆ ಹೀಗೆ ನಡೆದು ದಿಬ್ಬ ಬೆಳೆಯಿತು. ಮುಂದೆ 1990ರ ದಶಕದಲ್ಲಿ ಸುರಪುರ ತಾಲ್ಲೂಕಿನ ಬೂದಿಹಾಳದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಅಗೆಸಿದಾಗ ದೊಡ್ಡಿಯ ಮಗ್ಗುಲಲ್ಲೇ ಮನೆಗಳ ನೆಲೆಯೂ ಸಿಕ್ಕಿತು.

ಇದರ ಕಾಲವೆಷ್ಟು? ರಾಯದುರ್ಗಕ್ಕೆ ಸಮೀಪದ ಬ್ರಹ್ಮಗಿರಿಯಲ್ಲಿ 1947ರಲ್ಲಿ ಉತ್ಖನನ ಮಾಡಿಸಿದ ಮಾರ್ಟಿಮರ್ ವೀಲರ್ ಅವರು ಕಲ್ಲುಕೊಡಲಿಯ ಜನ ಕ್ರಿಸ್ತಪೂರ್ವ 1000ದ ಈಚಿನವರೆಂದು ಅಂದಾಜು ಮಾಡಿದ್ದರು. ಆಮೇಲೆ ಇದ್ದಿಲಿನ ತುಣುಕನ್ನು ಪರೀಕ್ಷಿಸಿ ವಯಸ್ಸು ಹೇಳುವ ಇಂಗಾಲದ ವಿಧಾನ ಬಂತು. ಉಟ್ನೂರಿನ ದೊಡ್ಡಿ ನಾಲ್ಕು ಸಾವಿರ ವರ್ಷಗಳಿಗಿಂತ ಹಳೆಯದೆಂದು ಗೊತ್ತಾಯಿತು. ಸಿಂಧೂ ಬಯಲಿನಲ್ಲಿ ಹರಪ್ಪ, ಮೊಹೆಂಜೊದಾರೊಗಳು ವೈಭವದಿಂದಿದ್ದ ಕಾಲಕ್ಕೇ ಇಲ್ಲಿ ಗೋವಳರು ದನ ಕಟ್ಟಿ ಬಾಳುತ್ತಿದ್ದರು. ಚರಿತ್ರೆಯೆಲ್ಲ ಉತ್ತರದಲ್ಲೇ ಆಯಿತು, ಈ ಬರಗಾಲದ ಸೀಮೆ ಕಾಡಾಗಿತ್ತು ಎಂಬ ಮಾತಿಗೆ ಇದೇ ಉತ್ತರ.

ಅವರೇನು ಉಣ್ಣುತ್ತಿದ್ದರು? ಬಳ್ಳಾರಿಯ ಬಳಿಯ ಸಂಗನಕಲ್ಲು ಮೊದಲಾದ ಕಡೆ ಸುಟ್ಟು ಕರಿಕಾದ ಕಾಳುಗಳು ದೊರೆತಿವೆ. ಹುರುಳಿ, ಹೆಸರು, ಕೊರಲೆ. ಇಂದಿಗೂ ಅಂಗಡಿಯ ತಕ್ಕಡಿಯಲ್ಲಿ ತೂಗುವ ಹುರುಳಿ, ಹೆಸರಿಗೆ ಅಷ್ಟು ಹಳೆಯ ವಂಶಾವಳಿಯಿದೆ! ಸಂಗನಕಲ್ಲಿಗೆ ಹೊಂದಿದ ಕಪ್ಪಗಲ್ಲಿನ ಗುಡ್ಡದ ಬಂಡೆಗಳ ಮೇಲೆ ಉದ್ದ ಕೊಂಬಿನ ಎತ್ತುಗಳ ಚಿತ್ರಗಳನ್ನು ಕುಟ್ಟಿ ಮೂಡಿಸಿದ್ದಾರೆ. ಅಲ್ಲಿಯ ಕೆಲವು ಬಂಡೆಗಳನ್ನು ಬಡಿದರೆ ಜಾಗಟೆಯಂತೆ ನಾದ ಬರುತ್ತದೆ. ಬಡಿದು ಬಡಿದು ಸವೆದ ಕುಳಿಗಳೂ ಅವುಗಳ ಮೇಲಿವೆ.

ಸಗಣಿಯನ್ನು ಸುಟ್ಟದ್ದೇಕೆ? ದೊಡ್ಡಿಯ ಹುಳುಹುಪ್ಪಟೆ, ರೋಗ ನಿವಾರಣೆಗೆ ಎನ್ನುವವರಿದ್ದಾರೆ. ಆಲ್ಚಿನ್ನರು ಅದನ್ನು ಹಬ್ಬದ ಬೆಂಕಿಗೆ ಹೋಲಿಸಿದರು. ಸಂಕ್ರಾಂತಿಯಂದು ದನಗಳಿಗೆ ಮೈ ತೊಳೆಸಿ, ಕೊಂಬಿಗೆ ಬಣ್ಣ ಬಳಿದು, ಕಿಚ್ಚು ಹಾಯಿಸುವುದನ್ನು ಕಂಡವರಿಗೆ ಈ ಮಾತು ದೂರವೆನಿಸದು.

ಇದರಿಂದ ಪುರಾಣಕ್ಕೆ ಕುಂದಿಲ್ಲ. ವಾಲಿಯ ಹೆಸರು ಹೇಳಿ ಹಿರಿಯರು ಆ ದಿಬ್ಬವನ್ನು ಸಾಮಾನ್ಯ ಮಣ್ಣಿನಂತೆ ಕಾಣದೆ ಕಾಪಾಡಿದರು. ಭಕ್ತಿ ಕಾಯ್ದದ್ದನ್ನು ಶಾಸ್ತ್ರ ಓದಿ ಹೇಳಿತು. ಆದರೆ ಕಾಯುವ ಮನಸ್ಸು ಈಗ ಕಡಿಮೆಯಾಗಿದೆ. ಹೊಲಕ್ಕೆ ಗೊಬ್ಬರವೆಂದು ಬಂಡಿಗಟ್ಟಲೆ ಬೂದಿ ಹೇರಿದ್ದುಂಟು. ಕಪ್ಪಗಲ್ಲಿನಲ್ಲಿ ಕಲ್ಲುಗಣಿಗೆ ಚಿತ್ರದ ಬಂಡೆಗಳೇ ಬಲಿಯಾಗಿವೆ. ಗುಡಿ ಬಿದ್ದರೆ ಚಂದಾ ಎತ್ತಿ ಮತ್ತೆ ಕಟ್ಟಬಹುದು. ನಾಲ್ಕು ಸಾವಿರ ವರ್ಷದ ಗೊರಸಿನ ಗುರುತು ಒಮ್ಮೆ ಅಳಿಸಿದರೆ ಯಾವ ಚಂದಾದಿಂದಲೂ ಬಾರದು.

ಆದ್ದರಿಂದ ಭಕ್ತಾದಿಗಳಲ್ಲಿ ಒಂದು ವಿಜ್ಞಾಪನೆ. ಹೊಲ ಮಟ್ಟ ಮಾಡುವಾಗ, ಬಾವಿ ತೋಡುವಾಗ ಬೂದಿಯ ಪದರು, ನುಣುಪಾದ ಕೊಡಲಿಕಲ್ಲು, ಹಳೆಯ ಮಡಕೆ ಕಂಡರೆ ಕೆಲಸ ನಿಲ್ಲಿಸಿ ಪುರಾತತ್ವ ಇಲಾಖೆಗೋ ತಹಸೀಲ್ದಾರರಿಗೋ ತಿಳಿಸಿರಿ. ಊರ ಮಕ್ಕಳನ್ನು ದಿಬ್ಬದ ಬಳಿಗೆ ಕರೆದೊಯ್ದು ತೋರಿಸಿರಿ. ರಾಜ್ಯಗಳ ಗಡಿಗಳು ನಿನ್ನೆ ಮೊನ್ನೆಯವು. ಆ ಗೋವಳರ ದೊಡ್ಡಿಗಳು ಗಡಿಯ ಎರಡೂ ಬದಿಗೆ ಇವೆ. ಈ ನೆಲದಲ್ಲಿ ಬೇರು ಬಿಟ್ಟವರೆಲ್ಲರಿಗೂ ಅದು ಹಿರಿಯರ ಆಸ್ತಿ.

ಗೋವುಗಳಿಗೂ ಗೋಪಾಲಕರಿಗೂ ಶುಭವಾಗಲಿ, ಮಳೆ ಬೆಳೆ ಸಮೃದ್ಧವಾಗಲಿ, ಸರ್ವರಿಗೂ ಸನ್ಮಂಗಳವಾಗಲಿ.